ಕಾಸರಗೋಡಿನ ಗುಡ್ಡೆ, ಕಾಡು ಮತ್ತು ಬೈಕ್: ಇಲ್ಲಿ ಬೇಡ ಅಂದರೆ ಎಲ್ಲಿ?

ಮುಳ್ಳೇರಿಯಾ_200 · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ. ದಯವಿಟ್ಟು ಪೂರ್ತಿ ಓದಿ.

ನನ್ನ ಹತ್ತಿರ ಎಕ್ಸ್‌ಪಲ್ಸ್ 200 ಬೈಕ್ ಉಂಟು. ಮೂರು ವರ್ಷ ಸಾಲ ಕಟ್ಟಿ ನನ್ನದಾದ ಗಾಡಿ. ವಾರವಿಡೀ ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಕೆಲಸಕ್ಕೆ ಹೋಗಿ ಬರುತ್ತೇನೆ. ಭಾನುವಾರ ಬೆಳಗ್ಗೆ ನಾವು ಮೂರು ನಾಲ್ಕು ಜನ ಗುಡ್ಡೆ ಕಡೆ ಹೋಗುತ್ತೇವೆ. ಡಾಂಬರು ಬಿಟ್ಟು ಮಣ್ಣಿಗೆ ಇಳಿದು, ಫುಟ್‌ಪೆಗ್ ಮೇಲೆ ಎದ್ದು ನಿಂತು ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಏರು ಹತ್ತುವಾಗ ಸಿಗುವ ಖುಷಿ ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ. ಅಲ್ಲಿ ಸ್ಪೀಡ್ ಮುಖ್ಯ ಅಲ್ಲ. ಕ್ಲಚ್ ಹಿಡಿತ, ಮೈಭಾರ, ಎದುರಿನ ಕಲ್ಲಿನ ಮೇಲೆ ಕಣ್ಣು, ಇಷ್ಟೇ. ಗಂಟೆಗೆ ಹದಿನೈದು ಕಿಲೋಮೀಟರ್‌ನಲ್ಲಿ ಹೋದರೂ ಮೈಯೆಲ್ಲ ಬೆವರು.

ಹೋದ ತಿಂಗಳು ಒಂದು ಹಳೆ ಕೂಪು ರಸ್ತೆ ಹಿಡಿದು ಒಳಗೆ ಹೋದೆವು. ಅಜ್ಜನ ಕಾಲದಲ್ಲಿ ಮರದ ಲಾರಿ ಓಡುತ್ತಿದ್ದ ದಾರಿ. ಗೇಟು ಇರಲಿಲ್ಲ, ಬೇಲಿಯೂ ಇರಲಿಲ್ಲ. ಒಂದು ಬೋರ್ಡು ಇತ್ತು, ಮಲಯಾಳದಲ್ಲಿ. ನಾನು ಕನ್ನಡ ಮಾಧ್ಯಮದಲ್ಲಿ ಕಲಿತವನು. ಮಲಯಾಳ ಮಾತಾಡುತ್ತೇನೆ, ಓದಲು ಬರುವುದಿಲ್ಲ. ಎರಡು ಕಿಲೋಮೀಟರ್ ಹೋಗಿರಬಹುದು, ಅರಣ್ಯ ಇಲಾಖೆಯ ಇಬ್ಬರು ವಾಚರ್‌ಗಳು ಅಡ್ಡ ನಿಂತರು. ಕೀ ತೆಗೆದುಕೊಂಡರು. ಅವರ ಆಫೀಸಿಗೆ ಕರೆದುಕೊಂಡು ಹೋಗಿ ಮಧ್ಯಾಹ್ನ ಮೂರು ಗಂಟೆವರೆಗೆ ಬೆಂಚಿನಲ್ಲಿ ಕೂರಿಸಿದರು. ಹೆಸರು, ವಿಳಾಸ, ಗಾಡಿ ನಂಬರ್ ಬರೆದುಕೊಂಡು, ಇನ್ನೊಮ್ಮೆ ಕಂಡರೆ ಕೇಸು ಅಂತ ಹೇಳಿ ಬಿಟ್ಟರು.

ಯಾವ ಆಫೀಸು ಅಂತ ಬರೆಯುವುದಿಲ್ಲ. ಅವರು ಬೈಯಲಿಲ್ಲ, ಕೈ ಮಾಡಲಿಲ್ಲ. ಆದರೆ ನಾನು ಒಂದೇ ಪ್ರಶ್ನೆ ಕೇಳಿದೆ: "ಇಲ್ಲಿ ಬೇಡ, ಸರಿ. ಹಾಗಾದರೆ ಎಲ್ಲಿ?" ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಮೂರು ಗಂಟೆವರೆಗೆ ಬೆಂಚಿನಲ್ಲಿ ಕೂತದ್ದಕ್ಕಿಂತ ಅದೇ ಜಾಸ್ತಿ ಬೇಸರವಾಯಿತು.

ಅದೇ ಪ್ರಶ್ನೆ ಇಲ್ಲಿ ಕೇಳುತ್ತಿದ್ದೇನೆ. ಮಂಜೇಶ್ವರದಿಂದ ಪಾಣತ್ತೂರುವರೆಗೆ ಇಷ್ಟು ಗುಡ್ಡೆ, ಇಷ್ಟು ಕಾಡು ಇರುವ ಜಿಲ್ಲೆಯಲ್ಲಿ ಮಣ್ಣಿನ ದಾರಿಯಲ್ಲಿ ಬೈಕ್ ಓಡಿಸುವವರಿಗೆ ಸರಿಯಾದ ಜಾಗ ಎಲ್ಲಿ ಉಂಟು?

ಉಪ್ಪಳ_ಹಿಮಾಲಯನ್ · ಭಾನುವಾರ ರಾತ್ರಿ

ನನ್ನ ಮನಸ್ಸಿನಲ್ಲಿದ್ದದ್ದನ್ನೇ ಬರೆದಿದ್ದೀರಿ. ನಾನು ಹಿಮಾಲಯನ್ 450 ಬೈಕ್ ಓಡಿಸುವವನು. ನನಗೂ ಎರಡು ಸಲ ಹೀಗೇ ಆಗಿದೆ.

ನನ್ನ ಅಭಿಪ್ರಾಯ ನೇರ. ಸರಕಾರದ ಕಾಡು ಅಂದರೆ ಜನರ ಕಾಡು. ಪೈವಳಿಕೆಯ ಪಾರೆಯ (ಗುಡ್ಡೆ ತಲೆಯ ಚಪ್ಪಟೆ ಕಲ್ಲುಹಾಸಿನ) ಮೇಲೆ 50 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಬಂತು. ಗುಡ್ಡೆ ಗುಡ್ಡೆಯನ್ನೇ ಕಡಿದು ಮುರಕಲ್ಲು ತೆಗೆಯುತ್ತಾರೆ, ಲೋಡು ಲೋಡು ಹೋಗುತ್ತದೆ. ಅದಕ್ಕೆಲ್ಲ ಅನುಮತಿ ಸಿಗುತ್ತದೆ. ಎರಡು ಚಕ್ರದ ಗಾಡಿಯಲ್ಲಿ ಹೋಗಿ, ಒಂದು ಫೋಟೋ ತೆಗೆದು, ಬಾಟಲಿಯನ್ನೂ ವಾಪಸ್ ತರುವ ನಮ್ಮನ್ನು ಕಳ್ಳರ ಹಾಗೆ ಕೂರಿಸುತ್ತಾರೆ. ಇದು ನ್ಯಾಯ ಅಲ್ಲ.

ಕೋರ್ಟ್_ರೋಡ್ · ಸೋಮವಾರ ಬೆಳಗ್ಗೆ

ಕಾಸರಗೋಡಿನಲ್ಲಿ ವಕೀಲಿ ಮಾಡುವವನು. ನನ್ನ ತಮ್ಮನೂ ಬೈಕ್ ಹುಚ್ಚಿನವನೇ. ಹಾಗಾಗಿ ಇದನ್ನು ಕಾಳಜಿಯಿಂದ ಬರೆಯುತ್ತಿದ್ದೇನೆ.

"ಸರಕಾರಿ ಜಾಗ" ಎಂಬ ಒಂದೇ ಮಾತಿನಲ್ಲಿ ನಾವು ನಾಲ್ಕು ಬೇರೆ ಬೇರೆ ಜಾಗಗಳನ್ನು ಸೇರಿಸಿಬಿಡುತ್ತೇವೆ. ಮೊದಲನೆಯದು ರಿಸರ್ವ್ ಫಾರೆಸ್ಟ್. ಇದಕ್ಕೆ 1961ರ ಕೇರಳ ಅರಣ್ಯ ಕಾಯ್ದೆ ಅನ್ವಯಿಸುತ್ತದೆ. ಅದರ 27ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗುವುದೇ ತಪ್ಪು. ಮರ ಕಡಿಯಬೇಕು ಅಂತಿಲ್ಲ, ಬೇಟೆ ಆಡಬೇಕು ಅಂತಿಲ್ಲ. ಗೇಟು ಇಲ್ಲದಿದ್ದರೂ ತಪ್ಪು ತಪ್ಪೇ. ಎರಡನೆಯದು, ಒಂದು ಕಾಲದಲ್ಲಿ ಖಾಸಗಿಯಾಗಿದ್ದು 1971ರ ಕಾಯ್ದೆಯಿಂದ ಸರಕಾರಕ್ಕೆ ಸೇರಿದ ಕಾಡು. ನೋಡಿದರೆ ಯಾರದೋ ಬಿಟ್ಟುಹೋದ ತೋಟದ ಹಾಗೆ ಕಾಣುತ್ತದೆ, ಮೋಸ ಹೋಗುವುದು ಇಲ್ಲೇ. ಮೂರನೆಯದು ಅಭಯಾರಣ್ಯ. ರಾಣಿಪುರ ಗುಡ್ಡೆಯ ಆಚೆ ಬದಿಗೆ ಹೋದರೆ ಕೊಡಗಿನ ತಲಕಾವೇರಿ ಅಭಯಾರಣ್ಯ ಸಿಗುತ್ತದೆ. ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗಲು ಅಡ್ಡಿ ಇಲ್ಲ, ಅದರಿಂದ ಪಕ್ಕಕ್ಕೆ ಇಳಿದರೆ ಪರ್ಮಿಟ್ ಬೇಕು. ಈ ಕಾಯ್ದೆಯಲ್ಲಿ ವಾಹನ ವಶಪಡಿಸಿಕೊಳ್ಳಲೂ ಅವಕಾಶ ಉಂಟು. ಹಾಗೆ ಹೋದ ಗಾಡಿ ಬಿಡಿಸಿಕೊಳ್ಳಲು ಎಷ್ಟು ಅಲೆಯಬೇಕು ಅಂತ ನನ್ನ ಕಕ್ಷಿದಾರರನ್ನು ನೋಡಿ ಗೊತ್ತಿದೆ. ನಾಲ್ಕನೆಯದು ಬರೀ ಕಂದಾಯದ ಜಾಗ, ಪುರಂಬೋಕು. ಇದರಲ್ಲಿ ಮಾತ್ರ ಪಂಚಾಯತ್, ತಾಲೂಕು ಕಚೇರಿ ಮಟ್ಟದಲ್ಲಿ ಮಾತಾಡಲು ದಾರಿ ಉಂಟು.

2024ರಲ್ಲಿ ಕೇರಳ ಸರಕಾರ ಅರಣ್ಯ ಕಾಯ್ದೆಗೆ ತಿದ್ದುಪಡಿ ತರಲು ಹೊರಟಿತ್ತು. ದಂಡ ಜಾಸ್ತಿ, ಅಧಿಕಾರಿಗಳಿಗೆ ಅಧಿಕಾರವೂ ಜಾಸ್ತಿ. ಗುಡ್ಡಗಾಡಿನ ರೈತರು ಜೋರಾಗಿ ವಿರೋಧಿಸಿದರು. 2025ರ ಜನವರಿಯಲ್ಲಿ ಅದನ್ನು ಕೈಬಿಟ್ಟರು. ಅದು ಹೋಯಿತು ಅಂತ ಹಳೆ ಕಾಯ್ದೆ ಹೋಗಿಲ್ಲ. ಈ ಎರಡನ್ನೂ ಗೊಂದಲ ಮಾಡಿಕೊಂಡವರು ತುಂಬಾ ಜನ.

ಬೋರ್ಡಿನ ವಿಷಯ ಮಾತ್ರ ನಿಮ್ಮ ದೂರು ಪೂರ್ತಿ ಸರಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡಿಗರು ಸರಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು ಅಂತ ಇದೆ. ಕನ್ನಡದಲ್ಲಿ ಅರ್ಜಿ ಬರೆಯಿರಿ. ಕಾಡಿನ ಗಡಿಯಲ್ಲಿ ಕನ್ನಡ ಬೋರ್ಡು ಕೇಳಿ. ನಾನು ಕರಡು ಮಾಡಿಕೊಡುತ್ತೇನೆ, ಫೀಸು ಬೇಡ.

ಮುಳ್ಳೇರಿಯಾ_200 · ಸೋಮವಾರ ಮಧ್ಯಾಹ್ನ

ತುಂಬಾ ಉಪಕಾರ ಆಯಿತು ವಕೀಲರೇ. ಒಂದು ಸಂಶಯ. ಸ್ಥಳದಲ್ಲಿ ನಿಂತಾಗ ಇದು ರಿಸರ್ವೋ ಪುರಂಬೋಕೋ ಅಂತ ಗೊತ್ತಾಗುವುದು ಹೇಗೆ?

ಕೋರ್ಟ್_ರೋಡ್ · ಸೋಮವಾರ ಮಧ್ಯಾಹ್ನ

ಗಡಿಯಲ್ಲಿ ಕಲ್ಲು ಕಟ್ಟಿದ ಜಂಡ ಇರುತ್ತದೆ, ಸೊಂಟದೆತ್ತರದ ಕಲ್ಲಿನ ರಾಶಿ. ಅದು ಕಂಡರೆ ಆಚೆ ಕಾಡು. ಆದರೆ ಎಷ್ಟೋ ಕಡೆ ಪೊದೆ ಮುಚ್ಚಿರುತ್ತದೆ. ನಂಬಬಹುದಾದ್ದು ಗ್ರಾಮ ಕಚೇರಿಯ ಸರ್ವೆ ನಂಬರ್. ಹೋಗುವ ಮೊದಲು ಕೇಳಿ.

ದೇಲಂಪಾಡಿ_ತೋಟ · ಸೋಮವಾರ ರಾತ್ರಿ

ನಾನು ಬೈಕ್ ಸವಾರ ಅಲ್ಲ. ಅಳಿಯ ಈ ಚರ್ಚೆ ತೋರಿಸಿದ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ಕಾಡಿನ ಅಂಚಿನ ತೋಟ. ಅಡಿಕೆ, ಬಾಳೆ, ಸ್ವಲ್ಪ ಕೊಕ್ಕೋ. ಕರ್ನಾಟಕದ ಕಡೆಯಿಂದ ಆನೆ ಬರುತ್ತದೆ, ಪಯಸ್ವಿನಿ ಹೊಳೆ ದಾಟುತ್ತದೆ, ನಮ್ಮ ತೋಟದಲ್ಲಿ ಊಟ ಮಾಡಿ ಹೋಗುತ್ತದೆ. ಕಾರಡ್ಕ, ಮುಳಿಯಾರು, ದೇಲಂಪಾಡಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟೋ ವರ್ಷ ಓಡಾಡಿದ ಮೇಲೆ ಸೋಲಾರ್ ತೂಗು ಬೇಲಿ ಬಂತು. ಎತ್ತರದ ಕಂಬದಿಂದ ತಂತಿಗಳು ಜಡೆಯ ಹಾಗೆ ಕೆಳಗೆ ಇಳಿದಿರುತ್ತವೆ. ಆನೆಯ ಮೈಗೆ ತಾಗಿದರೆ ಸಣ್ಣ ಶಾಕ್, ಅದು ಹಿಂದೆ ಹೋಗುತ್ತದೆ. ಜೀವಕ್ಕೆ ಅಪಾಯ ಇಲ್ಲ. ನಮ್ಮ ಭಾಗದಲ್ಲಿ ಸಂಜೆ ಆನ್ ಮಾಡುತ್ತೇವೆ, ಬೆಳಗ್ಗೆ ಆಫ್.

ಒಂದು ಭಾನುವಾರ ಹಗಲು ಯಾರೋ ಬೈಕಿನವರು ಆ ದಾರಿಯಾಗಿ ಹೋಗಿದ್ದಾರೆ. ಯಾರು ಅಂತ ಗೊತ್ತಿಲ್ಲ. ಹ್ಯಾಂಡಲಿಗೆ ಸಿಕ್ಕಬಾರದು ಅಂತ ಆರೇಳು ತಂತಿಗಳನ್ನು ಒಟ್ಟು ಸೇರಿಸಿ ಮೇಲಕ್ಕೆ ಗಂಟು ಹಾಕಿದ್ದಾರೆ. ವಾಪಸ್ ಬರುವಾಗ ಬಿಚ್ಚಲಿಲ್ಲ. ನಾವು ನೋಡಲಿಲ್ಲ, ನಮ್ಮ ತಪ್ಪೂ ಉಂಟು. ಮೂರನೆಯ ರಾತ್ರಿ ಸರಿಯಾಗಿ ಆ ಸಂದಿನಿಂದಲೇ ಆನೆ ಒಳಗೆ ಬಂತು. ನೇಂದ್ರ ಬಾಳೆ ಗೊನೆ ಹಾಕಿದ ಹೊತ್ತು. ಬೆಳಗ್ಗೆ ಲೆಕ್ಕ ಮಾಡುವಾಗ ಬಾಳೆ ನೂರಕ್ಕೂ ಜಾಸ್ತಿ ಹೋಗಿತ್ತು, ಅಡಿಕೆ ಹದಿನೆಂಟು. ಅಡಿಕೆ ಮರ ಅಂದರೆ ಒಂದು ಬಿದ್ದಲ್ಲಿ ಇನ್ನೊಂದು ಫಸಲು ಕೊಡಲು ಐದಾರು ವರ್ಷ ಬೇಕು. ನನ್ನ ಹೆಂಡತಿ ಆ ದಿನ ಅಡುಗೆ ಮಾಡಲಿಲ್ಲ, ಜಗಲಿಯಲ್ಲೇ ಕೂತಿದ್ದಳು.

ಆನೆಯ ಮೇಲೆ ನನಗೆ ಸಿಟ್ಟಿಲ್ಲ. ಆ ಗಂಟಿನ ಮೇಲೆ ಸಿಟ್ಟು. ನಿಮ್ಮ ಖುಷಿ ನನಗೆ ಅರ್ಥವಾಗುತ್ತದೆ, ನಾನೂ ಪ್ರಾಯದಲ್ಲಿ ಯೆಜ್ಡಿ ಓಡಿಸಿದವನು. ಆದರೆ ನೀವು ದಾಟಿ ಹೋಗುವ ಜಾಗದಲ್ಲಿ ಯಾರೋ ವಾಸ ಮಾಡುತ್ತಾರೆ ಅಂತ ತಿಳಿದುಕೊಳ್ಳಿ.

ಉಪ್ಪಳ_ಹಿಮಾಲಯನ್ · ಸೋಮವಾರ ರಾತ್ರಿ

ಓದಿ ಸಂಕಟ ಆಯಿತು ಮಾವ. ನಮ್ಮ ತಂಡದವರು ಹಾಗೆ ಮಾಡುವವರಲ್ಲ. ಆದರೆ ನಾವಲ್ಲ ಅಂದರೆ ನಿಮ್ಮ ಅಡಿಕೆ ವಾಪಸ್ ಬರುವುದಿಲ್ಲ, ಅದೂ ಗೊತ್ತು. ಬೇಲಿ ಇರುವ ಕಡೆ ಇನ್ನು ಬೈಕ್ ಹತ್ತಿರವೂ ತರುವುದಿಲ್ಲ. ಉಳಿದ ಗುಡ್ಡೆಯ ಬಗ್ಗೆ ನನ್ನ ಮಾತು ಹಾಗೇ ಇದೆ. ಬೋಳು ಪಾರೆಯ ಮೇಲೆ ಓಡಿಸಿದರೆ ಯಾರಿಗೆ ಎಂತ ನಷ್ಟ?

ಬಾಯಾರು_ಸುರಂಗ · ಮಂಗಳವಾರ ಸಂಜೆ

ಉಪ್ಪಳದ ಅಣ್ಣನ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. ನಾನು ಬಾಯಾರಿನವಳು, ನಮ್ಮ ಮನೆ ಅಂಥ ಒಂದು ಬೋಳು ಪಾರೆಯ ಕೆಳಗೇ ಉಂಟು.

ನಮ್ಮ ಮನೆಯಲ್ಲಿ ಎರಡು ಸುರಂಗ. ಒಂದು ಅಜ್ಜ ತೋಡಿದ್ದು, ಇನ್ನೊಂದು ಅಪ್ಪ. ಹೊರಗಿನವರಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ, ಒಬ್ಬರು ನುಗ್ಗುವಷ್ಟೇ ಅಗಲದಲ್ಲಿ, ಮುರಕಲ್ಲನ್ನು ಪಿಕ್ಕಾಸಿನಲ್ಲಿ ಕೊರೆಯುತ್ತಾ ಹೋಗುವುದು. ಕ್ಯಾಂಡಲ್ ಬೆಳಕಿನಲ್ಲಿ. ನೀರಿನ ಒರತೆ ಸಿಗುವವರೆಗೆ. ಸಿಕ್ಕಿದರೆ ನೀರು ತಾನಾಗಿ ಹೊರಗೆ ಹರಿದು ಟಾಂಕಿಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಬಾಯಾರು, ಎಣ್ಮಕಜೆ ಕಡೆ ಈಗಲೂ ಎಷ್ಟೋ ಮನೆಗಳ ಕುಡಿಯುವ ನೀರು, ತೋಟದ ನೀರು ಇದೇ.

ಈ ನೀರು ಬರುವುದು ಮೇಲಿನ ಪಾರೆಯಿಂದ. ನಮ್ಮ ಜಿಲ್ಲೆಗೆ ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಕೇರಳದ 44 ಹೊಳೆಗಳಲ್ಲಿ 12 ನಮ್ಮಲ್ಲೇ. ಆದರೂ ಏಪ್ರಿಲ್‌ನಲ್ಲಿ ನೀರಿಗೆ ಒದ್ದಾಟ, ಯಾಕೆಂದರೆ ಬಿದ್ದ ಮಳೆ ಅರ್ಧ ದಿನದಲ್ಲಿ ಸಮುದ್ರಕ್ಕೆ ಹೋಗುತ್ತದೆ. ಗುಡ್ಡೆ ಕುಡಿದು ಉಳಿಸಿಕೊಂಡದ್ದಷ್ಟೇ ನಮಗೆ. ಬೋಳು ಅಂತ ನೀವು ಹೇಳುವ ಪಾರೆಯಲ್ಲಿ ಬೇಸಿಗೆಯಲ್ಲಿ ಏನೂ ಕಾಣುವುದಿಲ್ಲ, ನಿಜ. ಮಳೆ ಬಿದ್ದ ಮೇಲೆ ಬನ್ನಿ. ಎರಡು ಬೆರಳು ದಪ್ಪದ ಮಣ್ಣು, ಅದರ ಮೇಲೆ ಪಾಚಿ, ಹುಲ್ಲು, ಬಿಳಿ ನೀಲಿ ಪುಟ್ಟ ಹೂಗಳು, ಕೀಟ ತಿನ್ನುವ ಗಿಡಗಳು ಕೂಡ. ತಗ್ಗಿನಲ್ಲಿ ಪಳ್ಳ ತುಂಬಿ ನೀರು ನಿಂತಿರುತ್ತದೆ. ಆ ಎರಡು ಬೆರಳು ಮಣ್ಣೇ ನೀರನ್ನು ತಡೆದು ಬಿರುಕಿಗೆ ಇಳಿಸುವುದು.

ಎರಡು ವರ್ಷದ ಹಿಂದೆ ಆಟಿ ತಿಂಗಳಿನಲ್ಲಿ, ಜೋರು ಮಳೆಗಾಲದಲ್ಲಿ, ಏಳೆಂಟು ಬೈಕ್‌ಗಳು ಬಂದವು. ಗುಬಟು ಗುಬಟಾಗಿ ಹಲ್ಲಿರುವ ಟಯರು. ಪಾರೆಯಿಂದ ಇಳಿಜಾರಿಗೆ ಬಂದು, ಅದೇ ಏರನ್ನು ಮತ್ತೆ ಮತ್ತೆ ಹತ್ತಿದರು. ಹಿಂದಿನ ಚಕ್ರ ತಿರುಗಿದಲ್ಲೆಲ್ಲ ಹುಲ್ಲು ಕಿತ್ತು ಒಂದು ಗೇಣು ಆಳದ ಗೀರು. ಆ ದಿನ ನೋಡಲು ಅದು ಅಷ್ಟೇ. ಆಮೇಲಿನ ಜಡಿಮಳೆಗೆ ಗೀರು ಚರಂಡಿ ಆಯಿತು. ಮಳೆಗಾಲ ಮುಗಿಯುವಾಗ ನನ್ನ ಮೊಣಕಾಲು ಮುಳುಗುವ ತೋಡು. ಅಪ್ಪ ಮೇಲೆ ಮಾಡಿದ ಇಂಗುಗುಂಡಿಗಳು ಮಣ್ಣು ತುಂಬಿ ಮುಚ್ಚಿದವು. ಕೆಳಗಿನ ಸುರಂಗದ ಬಾಯಿಗೆ ಕೆಸರು ನುಗ್ಗಿತು. ಅಪ್ಪನಿಗೆ ಎಪ್ಪತ್ತೊಂದು ವರ್ಷ. ನಾವಿಬ್ಬರೂ ಹದಿನಾಲ್ಕು ದಿನ ಬುಟ್ಟಿಯಲ್ಲಿ ಕೆಸರು ಹೊತ್ತು ತೆಗೆದೆವು.

ಬೈಕ್ ಓಡಿಸಿದವರಿಗೆ ಇದು ಗೊತ್ತೇ ಇಲ್ಲ. ಅವರು ಕೆಟ್ಟವರು ಅಂತ ನನಗೆ ಅನಿಸುವುದಿಲ್ಲ. ಹೋಗುವಾಗ ನಮ್ಮ ಅಂಗಳದಲ್ಲಿ ನೀರು ಕೇಳಿ ಕುಡಿದು, ಥ್ಯಾಂಕ್ಸ್ ಅಕ್ಕ ಅಂತ ಹೇಳಿ ಹೋದರು. ಅದೇ ಸುರಂಗದ ನೀರು.

ಉಪ್ಪಳ_ಹಿಮಾಲಯನ್ · ಮಂಗಳವಾರ ರಾತ್ರಿ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಅಕ್ಕ. ನನ್ನ ಗಾಡಿಯೇ 196 ಕಿಲೋ. ಒದ್ದೆ ಇಳಿಜಾರಿನಲ್ಲಿ ಅದು ಎಂತ ಮಾಡುತ್ತದೆ ಅಂತ ನಾನು ತಿರುಗಿ ನೋಡಿದ್ದೇ ಇಲ್ಲ.

ನೀರ್ಚಾಲಿನ_ಮಾಷ್ಟ್ರು · ಬುಧವಾರ ಬೆಳಗ್ಗೆ

ನಿವೃತ್ತ ಅಧ್ಯಾಪಕ. ಹಳೆ ಕಾಲದ ಒಂದು ವಿಷಯ ಸೇರಿಸುತ್ತೇನೆ.

1956ರ ನವೆಂಬರ್ 1ರವರೆಗೆ ಈ ಊರು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆಗಿನ ಪದ್ಧತಿಯಲ್ಲಿ ಕುಮ್ಕಿ ಅಂತ ಒಂದು ಹಕ್ಕು. ಕೃಷಿಯ ವರ್ಗ (ಕಂದಾಯ ಕಟ್ಟುವ ಸ್ವಂತ) ಜಾಗದಿಂದ 100 ಗಜದವರೆಗಿನ ಸರಕಾರಿ ಗುಡ್ಡೆಯಲ್ಲಿ ಸೊಪ್ಪು, ಹುಲ್ಲು, ಸೌದೆ ತರಬಹುದು. ಜಾಗ ನಮ್ಮದಲ್ಲ, ಉಪಯೋಗ ನಮ್ಮದು. ಕುಮ್ಕಿ ಎಂಬ ಮಾತಿಗೇ ಸಹಾಯ ಅಂತ ಅರ್ಥ, ಪಾರ್ಸಿಯಿಂದ ಬಂದದ್ದು. ನಾನು ಹುಡುಗನಾಗಿದ್ದಾಗ ಮುಳಿಹುಲ್ಲು ತರಲು ಹೋಗುತ್ತಿದ್ದೆ. ಯಾರು ಎಲ್ಲಿ ಕೊಯ್ಯಬೇಕು, ಯಾವ ತಿಂಗಳು ಕೊಯ್ಯಬಾರದು ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಹಕ್ಕು ಅಂದರೆ ಯಾವಾಗ ಬೇಕಾದರೂ, ಹೇಗೆ ಬೇಕಾದರೂ ಅಂತ ಇರಲಿಲ್ಲ. ಈ ಚರ್ಚೆಯಲ್ಲಿ ಹಕ್ಕಿನ ಮಾತು ಬಂದ ಕಾರಣ ಹೇಳಿದೆ.

ಬೋಳು ಪಾರೆಯ ಬಗ್ಗೆ ಇನ್ನೊಂದು. ನಮ್ಮ ಜಿಲ್ಲೆಗೆ ತನ್ನದೇ ಆದ ಮರ, ಹೂ, ಹಕ್ಕಿ ಎಲ್ಲ ಘೋಷಣೆ ಆಗಿದೆ. ಮರ ಕಾಸರಕ, ಊರಿನ ಹೆಸರೇ ಅದರಿಂದ ಬಂತು ಅಂತ ಹೇಳುವವರಿದ್ದಾರೆ. ಹೂ ಯಾವುದು ಗೊತ್ತಾ? ಪೆರಿಯ ಪೊಳತ್ತಾಳಿ. ಪೆರಿಯದ ಮುರಕಲ್ಲು ಪಾರೆಯಲ್ಲಿ ಮಳೆಗಾಲಕ್ಕೆ ಮಾತ್ರ ಹರಿಯುವ ಸಣ್ಣ ತೋಡುಗಳಲ್ಲಿ ಬೆಳೆಯುವ ಗಿಡ. ವಿಜ್ಞಾನಿಗಳು ಅದನ್ನು ಹೊಸ ಜಾತಿ ಅಂತ ಗುರುತಿಸಿದ್ದು 2012ರಲ್ಲಿ. ಅಲ್ಲಿಯವರೆಗೆ ಅದು ಹೆಸರಿಲ್ಲದೆ ನಮ್ಮ ಕಾಲಡಿಯಲ್ಲೇ ಇತ್ತು.

ಪೆರ್ಲ_ಸ್ಯಾಕ್ರಮೆಂಟೊ · ಬುಧವಾರ

ಪೆರ್ಲದವನು. ಈಗ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಇಲ್ಲಿ ಹೇಗೆ ನಡೆಯುತ್ತದೆ ಅಂತ ಹೇಳಿದರೆ ಉಪಯೋಗ ಆಗಬಹುದು.

ಇಲ್ಲಿಯೂ ಅರವತ್ತು, ಎಪ್ಪತ್ತರ ದಶಕದಲ್ಲಿ ಇದೇ ಜಗಳ ಇತ್ತಂತೆ. 1972ರಲ್ಲಿ ಅಧ್ಯಕ್ಷ ನಿಕ್ಸನ್ ಒಂದು ಆದೇಶ ಹೊರಡಿಸಿದರು. ಸಾರ್ವಜನಿಕ ಜಾಗದಲ್ಲಿ ಇಂಥ ಗಾಡಿಗಳಿಗೆ ಎಲ್ಲಿ ಅವಕಾಶ, ಎಲ್ಲಿ ಇಲ್ಲ ಅಂತ ಇಲಾಖೆಗಳೇ ಗುರುತು ಮಾಡಬೇಕು ಅಂತ. 2005ರ ನಿಯಮದಲ್ಲಿ ಅರಣ್ಯ ಇಲಾಖೆ ಇನ್ನೂ ಬಿಗಿ ಮಾಡಿತು. ಈಗ ನಕ್ಷೆಯಲ್ಲಿ ಗೆರೆ ಇದ್ದರೆ ಮಾತ್ರ ದಾರಿ. ಗೆರೆ ಇಲ್ಲದಿದ್ದರೆ, ಎದುರಿಗೆ ದಾರಿ ಕಂಡರೂ ಹೋಗುವ ಹಾಗಿಲ್ಲ. ನಕ್ಷೆ ಉಚಿತ. ಯಾವ ದಾರಿ ಯಾವ ತಿಂಗಳು ಮುಚ್ಚಿರುತ್ತದೆ ಅಂತಲೂ ಅದರಲ್ಲೇ ಇರುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ 1971ರಿಂದ ಇದಕ್ಕೆ ಪ್ರತ್ಯೇಕ ಕಾನೂನು ಉಂಟು. ರಸ್ತೆಗೆ ನೋಂದಣಿ ಆಗದ ಮಣ್ಣಿನ ಬೈಕಿಗೆ ಹಸಿರು ಸ್ಟಿಕ್ಕರ್ ತೆಗೆದುಕೊಳ್ಳಬೇಕು. ಆ ದುಡ್ಡು ದಾರಿ ದುರಸ್ತಿಗೆ, ಹಾಳಾದ ಜಾಗವನ್ನು ಸರಿಮಾಡಲು ಹೋಗುತ್ತದೆ. 1986ರ ನಂತರದ ಗಾಡಿಗಳ ಸದ್ದು 96 ಡೆಸಿಬಲ್ ದಾಟಬಾರದು. ಸೈಲೆನ್ಸರ್ ಒಳಗೆ ಕಿಡಿ ತಡೆಯುವ ಜಾಲರಿ ಇರಲೇಬೇಕು. ಒಣಹುಲ್ಲಿಗೆ ಒಂದು ಕಿಡಿ ಸಾಕು ಬೆಂಕಿ ಹತ್ತಲು. ನಮ್ಮೂರಿನ ಮಾರ್ಚ್ ತಿಂಗಳ ಮುಳಿ ಗುಡ್ಡೆ ನೆನಪಿಸಿಕೊಳ್ಳಿ.

ನಾನು ಹೋಗುವ ಜಾಗದ ಹೆಸರು ಪ್ರೇರಿ ಸಿಟಿ. ಅಲ್ಲಿ ಹಿಂದೆ ಚಿನ್ನಕ್ಕಾಗಿ ಅಗೆದು ಬಿಟ್ಟ ಕಲ್ಲಿನ ರಾಶಿಗಳು ಉಂಟು. ಒಮ್ಮೆ ಅಗೆದ ನೆಲ ಅದು, ಹೊಸತಾಗಿ ಕಾಡು ಕಡಿದದ್ದಲ್ಲ. ಅಲ್ಲಿ ಓಡಿಸುವಾಗ ಪ್ರತಿ ಸಲ ನಮ್ಮೂರಿನ ಬಿಟ್ಟುಹೋದ ಮುರಕಲ್ಲು ಕೋರೆಗಳು ನೆನಪಾಗುತ್ತವೆ.

ದೇಲಂಪಾಡಿ_ತೋಟ · ಬುಧವಾರ ರಾತ್ರಿ

ಅಮೆರಿಕದಲ್ಲಿ ಜಾಗ ಎಷ್ಟು ಉಂಟು ಮಗಾ?

ಪೆರ್ಲ_ಸ್ಯಾಕ್ರಮೆಂಟೊ · ಗುರುವಾರ

ಸರಿಯಾದ ಪ್ರಶ್ನೆ ಮಾವ. ಅರಣ್ಯ ಇಲಾಖೆಯದ್ದು ಮಾತ್ರ ಸುಮಾರು 19 ಕೋಟಿ ಎಕರೆ. ನಮ್ಮ ಇಡೀ ಜಿಲ್ಲೆ 1,992 ಚದರ ಕಿಲೋಮೀಟರ್, ಅಂದರೆ ಐದು ಲಕ್ಷ ಎಕರೆಗೂ ಕಡಿಮೆ. ಅದರಲ್ಲಿ ಕಾಡಿನ ಪಾಲು ಸಣ್ಣದು. ಹಾಗಾಗಿ ಅಮೆರಿಕದ ಹಾಗೆ ಕಾಡಿನೊಳಗೆ ದಾರಿ ಕೊಡಿ ಅಂತ ನಾನು ಹೇಳುವುದಿಲ್ಲ. ಅಗೆದು ಬಿಟ್ಟ ನೆಲ ಮೊದಲು ನೋಡಿ ಅಂತ ಹೇಳುತ್ತೇನೆ.

ಕಾಡಂಚಿನವ · ಗುರುವಾರ ಸಂಜೆ

ನಮ್ಮದು ಮಾವಿಲ ಬುಡಕಟ್ಟು ಸಮುದಾಯ. ಜೇನು, ಸೀಗೆ, ಬೆತ್ತಕ್ಕೆ ಕಾಡಿಗೆ ಹೋಗುವವರು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ನಮ್ಮಂಥವರಿಗೆ ಕಿರು ಅರಣ್ಯ ಉತ್ಪನ್ನದ ಹಕ್ಕು ಉಂಟು. ಆದರೂ ನನ್ನ ಅಪ್ಪನನ್ನು ಎಷ್ಟು ಸಲ ನಿಲ್ಲಿಸಿ ಚೀಲ ಬಿಚ್ಚಿಸಿದ್ದಾರೆ ಅಂತ ಲೆಕ್ಕ ಇಲ್ಲ. ಮುಳ್ಳೇರಿಯಾದ ಅಣ್ಣ ಒಂದು ದಿನ ಕೂತ ಬೆಂಚಿನಲ್ಲಿ ಅಪ್ಪ ಎಷ್ಟೋ ದಿನ ಕೂತಿದ್ದಾರೆ.

ಬೈಕಿನ ಸದ್ದು ಒಂದು ಗುಡ್ಡೆ ದಾಟಿ ಕೇಳುತ್ತದೆ. ಆ ದಿನ ಕಾಟಿ (ಕಾಡುಕೋಣ), ಹಂದಿ ಎಲ್ಲ ತಮ್ಮ ಜಾಗ ಬಿಟ್ಟು ದಿಕ್ಕು ತಪ್ಪಿ ಓಡುತ್ತವೆ. ನಡೆದು ಹೋಗುವ ನಮ್ಮ ಎದುರಿಗೆ ಬರುತ್ತವೆ. ಭಾನುವಾರ ನಾವು ಕೆಲವು ಕಡೆ ಹೋಗುವುದನ್ನೇ ಬಿಟ್ಟಿದ್ದೇವೆ. ಇದನ್ನು ಯಾರ ಹತ್ತಿರ ಹೇಳುವುದು ಅಂತ ಗೊತ್ತಿರಲಿಲ್ಲ. ಇಲ್ಲಿ ಹೇಳಿದ್ದೇನೆ.

ಮುಳ್ಳೇರಿಯಾ_200 · ಗುರುವಾರ ರಾತ್ರಿ

ಹೇಳಿದ್ದು ಒಳ್ಳೆಯದಾಯಿತು ಅಣ್ಣ. ನಾನು ನಿಮ್ಮ ಬಗ್ಗೆ ಯೋಚಿಸಿಯೇ ಇರಲಿಲ್ಲ. ತಪ್ಪಾಯಿತು.

ಪಾಣತ್ತೂರು_ಪೇಟೆ · ಶುಕ್ರವಾರ

ಬರೀ ಬೇಡ ಬೇಡ ಅಂತ ಆದರೆ ಹುಡುಗರು ಕದ್ದು ಹೋಗುತ್ತಾರೆ. ಹೋಗಬಹುದಾದ್ದನ್ನು ನಾನು ಹೇಳುತ್ತೇನೆ. ಪಾಣತ್ತೂರಿನಿಂದ ಕರಿಕೆ ಮೇಲೆ ಭಾಗಮಂಡಲಕ್ಕೆ ಹೋಗುವ ರಸ್ತೆ ಸಾರ್ವಜನಿಕ ರಸ್ತೆ. ಘಾಟಿ, ತಿರುವು, ಎರಡೂ ಬದಿ ಕಾಡು. ಮಳೆಗಾಲದಲ್ಲಿ ಗುಡ್ಡೆ ಜರಿದು ಬಂದಾಗ ಮುಚ್ಚುವುದೂ ಉಂಟು, ವಿಚಾರಿಸಿ ಹೊರಡಿ. ನಡುವೆ ನಿಲ್ಲಿಸಿ ಕಾಡಿಗೆ ಇಳಿಯಬೇಡಿ. ಹಾರ್ನ್ ಬೇಡ. ಕತ್ತಲಾಗುವ ಮೊದಲು ದಾಟಿ.

ರಾಣಿಪುರಕ್ಕೆ ಬರುವವರು ಗಾಡಿ ಕೆಳಗೆ ನಿಲ್ಲಿಸಿ, ಟಿಕೆಟ್ ತೆಗೆದು ನಡೆದೇ ಹತ್ತಬೇಕು. ಊರಿನವರೇ ಇರುವ ವನ ಸಂರಕ್ಷಣಾ ಸಮಿತಿ ಅದನ್ನು ನೋಡಿಕೊಳ್ಳುತ್ತದೆ. ಟಿಕೆಟ್ ದುಡ್ಡಿನಿಂದ ಇಲ್ಲಿ ನಾಲ್ಕು ಮನೆಗೆ ಅನ್ನ. ಮೇಲಿನ ಹುಲ್ಲುಗಾವಲಿಗೆ ಬೈಕ್ ಏರಿಸಬಹುದಾ ಅಂತ ವಾರಕ್ಕೊಬ್ಬರು ಕೇಳುತ್ತಾರೆ. ಆಗುವುದಿಲ್ಲ. ಕರ್ನಾಟಕದಲ್ಲೂ ಈಗ ಬಿಗಿ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಚಾರಣಕ್ಕೇ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿದರು. ನಡೆಯುವವರಿಗೇ ಹಾಗೆ ಅಂದರೆ ಎಂಜಿನ್ ಗಾಡಿಯ ಮಾತು ಎಲ್ಲಿ?

ಸುಳ್ಯ_ಗ್ಯಾರೇಜು · ಶುಕ್ರವಾರ ರಾತ್ರಿ

ಮೆಕ್ಯಾನಿಕ್. ಇಪ್ಪತ್ತು ವರ್ಷದಿಂದ ಕೆಸರಿನ ಬೈಕ್ ತೊಳೆಯುವವನು.

ಒಂದು ಮಾತು ಹುಡುಗರಿಗೆ. ಕಂಪನಿ ಸೈಲೆನ್ಸರ್ ಬಿಚ್ಚಿ ಬೇರೆ ಹಾಕಿಸಲು ನನ್ನ ಹತ್ತಿರ ಬರಬೇಡಿ. ನಾನು ಮಾಡುವುದಿಲ್ಲ. ಅದು ಕಾನೂನಿಗೂ ವಿರುದ್ಧ. ಅದಕ್ಕಿಂತ ಜಾಸ್ತಿ, ಜನರಿಗೆ ನಿಮ್ಮ ಮೇಲೆ ಸಿಟ್ಟು ಬರುವುದು ಮೊದಲು ಸದ್ದಿನಿಂದ. ಸದ್ದು ಜಾಸ್ತಿ ಆದರೆ ಏರು ಹತ್ತುವ ಶಕ್ತಿ ಜಾಸ್ತಿ ಆಗುವುದಿಲ್ಲ. ಬೇಕಾದರೆ ಹಿಂದಿನ ಸ್ಪ್ರಾಕೆಟ್ ಎರಡು ಹಲ್ಲು ದೊಡ್ಡದು ಹಾಕಿ, ಮಣ್ಣಿನಲ್ಲಿ ಟಯರಿನ ಗಾಳಿ ಸ್ವಲ್ಪ ಇಳಿಸಿ. ಚಕ್ರ ಸುಮ್ನೆ ತಿರುಗುವುದು ನಿಲ್ಲುತ್ತದೆ, ನೆಲವೂ ಉಳಿಯುತ್ತದೆ. ನೆಲ ಕೀಳುವವನು ಒಳ್ಳೆ ಸವಾರ ಅಲ್ಲ. ಅವನ ಕ್ಲಚ್ ಪ್ಲೇಟ್ ಬದಲಾಯಿಸುವವನು ನಾನು, ನನಗೆ ಗೊತ್ತು.

ಶೊರ್ನೂರಿನ ಬೈಕ್ ಸವಾರ ಹಾರಿತ್ ನೋವಾ 2024ರಲ್ಲಿ ಮರುಭೂಮಿಯ ಡಾಕರ್ ರ‍್ಯಾಲಿಯಲ್ಲಿ ರ‍್ಯಾಲಿ 2 ವಿಭಾಗ ಗೆದ್ದರು. ಒಟ್ಟಿನಲ್ಲಿ ಹನ್ನೊಂದನೆಯ ಸ್ಥಾನ. ಇದೇ ಕೇರಳದ ಹುಡುಗ. ನಮ್ಮ ಮಕ್ಕಳಿಗೂ ಕಲಿಯಲು ಜಾಗ ಸಿಗಬೇಕು, ಅದನ್ನು ನಾನು ಒಪ್ಪುತ್ತೇನೆ. ಇನ್ನೊಬ್ಬ ಬೈಕ್ ರೇಸ್ ಸವಾರ ಸಿ.ಎಸ್. ಸಂತೋಷ್ ಕೋಲಾರದ ಹತ್ತಿರ ಕಲಿಕೆಗಂತಲೇ ಜಾಗ ಮಾಡಿದರು. ಚಿಕ್ಕಮಗಳೂರಿನಲ್ಲಿ ಕಾರ್ ರ‍್ಯಾಲಿ ನಡೆಯುವುದು ಕಾಫಿ ತೋಟದ ಒಳದಾರಿಗಳಲ್ಲಿ, ಮಾಲೀಕರ ಒಪ್ಪಿಗೆ ತೆಗೆದು. ನಮ್ಮ ಕಡೆ ರಬ್ಬರ್ ತೋಟ ಎಷ್ಟು ಉಂಟು! ಮಳೆಗಾಲ ಮುಗಿದ ಮೇಲೆ ಒಂದು ದಿನಕ್ಕೆ ಕೇಳಿದರೆ ಕೊಡುವವರು ಇದ್ದಾರೆ.

ಮುಳ್ಳೇರಿಯಾ_200 · ಭಾನುವಾರ ಸಂಜೆ

ಒಂದು ವಾರ ಆಯಿತು ಈ ಚರ್ಚೆ ಶುರು ಮಾಡಿ. ಇವತ್ತು ನಾವು ಗುಡ್ಡೆಗೆ ಹೋಗಲಿಲ್ಲ. ಬದಲು ನನ್ನ ಸೋದರಮಾವನ ಹಳೆ ಮುರಕಲ್ಲು ಕೋರೆ ನೋಡಲು ಹೋದೆವು.

ಸುಮಾರು ನಾಲ್ಕು ಎಕರೆ. ಪಟ್ಟಾ ಜಾಗ, ಹನ್ನೆರಡು ವರ್ಷದಿಂದ ಕಲ್ಲು ತೆಗೆಯುತ್ತಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಡಿದ ತಳ, ನಡುವೆ ಪುಡಿಕಲ್ಲಿನ ದಿಬ್ಬ. ಎಕ್ಸ್‌ಪಲ್ಸಿನವನಿಗೆ ಇದಕ್ಕಿಂತ ಒಳ್ಳೆ ಶಾಲೆ ಬೇಡ. ಅಪಾಯವೂ ಉಂಟು. ಒಂದು ಬದಿಯ ಗೋಡೆ ಇಪ್ಪತ್ತು ಅಡಿ ನೇರ. ಇನ್ನೊಂದು ಗುಂಡಿಯಲ್ಲಿ ಮಳೆನೀರು ನಿಲ್ಲುತ್ತದೆ, ಅಕ್ಕಪಕ್ಕದ ಬಾವಿಗೆ ಅದೇ ಒರತೆ ಅಂತ ಮಾವ ಹೇಳಿದರು. ಆ ಗುಂಡಿಯ ಸುತ್ತ ಯಾವ ಗಾಡಿಯೂ ಹೋಗಬಾರದು, ಆಯಿಲ್ ಒಂದು ತೊಟ್ಟು ಬೀಳಬಾರದು ಅಂತ ಮೊದಲೇ ಷರತ್ತು ಹಾಕಿದ್ದಾರೆ. ಸ್ಟ್ಯಾಂಡ್ ಹಾಕುವ ಜಾಗದಲ್ಲಿ ಟಾರ್ಪಲ್ ಹಾಸುತ್ತೇವೆ. ನೇರ ಗೋಡೆಯ ಬದಿಗೆ ಹಳೆ ಟಯರ್ ಸಾಲು ಇಡುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್ ಪೂರ್ತಿ ರಜೆ. ಸಂಜೆ ಐದರ ನಂತರ ಎಂಜಿನ್ ಇಲ್ಲ. ಪಕ್ಕದ ಮೂರು ಮನೆಯವರನ್ನು ಕಂಡು ಮಾತಾಡಿದೆವು. ಒಬ್ಬರು ಒಪ್ಪಲಿಲ್ಲ, ಮನೆಯಲ್ಲಿ ಹುಷಾರಿಲ್ಲದ ತಾಯಿ ಇದ್ದಾರೆ. ಅವರಿಗೆ ಸದ್ದು ಎಷ್ಟು ಕೇಳುತ್ತದೆ ಅಂತ ಒಂದು ಗಾಡಿ ಮಾತ್ರ ಓಡಿಸಿ ನೋಡೋಣ, ಆಮೇಲೆ ನಿರ್ಧಾರ ಅಂತ ಹೇಳಿ ಬಂದೆವು. ಅವರು ಬೇಡ ಅಂದರೆ ಬೇರೆ ಕೋರೆ ಹುಡುಕುತ್ತೇವೆ.

ವಕೀಲರ ಕರಡು ತಲುಪಿತು. ಕಾಡಿನ ಗಡಿಯಲ್ಲಿ ಕನ್ನಡ ಬೋರ್ಡು ಬೇಕು ಅಂತ ಕನ್ನಡದಲ್ಲೇ ಅರ್ಜಿ, ಇಪ್ಪತ್ತಮೂರು ಜನ ಸಹಿ ಹಾಕಿದ್ದೇವೆ. ಪಂಚಾಯತಿಗೆ ಇನ್ನೊಂದು ಅರ್ಜಿ, ಬಿಟ್ಟುಹೋದ ಕೋರೆಗಳಲ್ಲಿ ಒಂದನ್ನು ಬೈಕ್ ಕಲಿಕೆಗೆ ಗುರುತು ಮಾಡಿ ಅಂತ.

ದೇಲಂಪಾಡಿ ಮಾವ, ತಿಂಗಳಿಗೊಂದು ಭಾನುವಾರ ಬೇಲಿ ಉದ್ದಕ್ಕೂ ನಡೆದು ನೋಡಲು ನಾವು ಆರು ಜನ ತಯಾರು. ಪೊದೆ ಸವರುವ ಕೆಲಸವೂ ಆಗಬಹುದು. ಯಾವಾಗ ಬರಬೇಕು ಹೇಳಿ.

ಉಪ್ಪಳ_ಹಿಮಾಲಯನ್ · ಭಾನುವಾರ ರಾತ್ರಿ

ಏಳು ಜನ ಅಂತ ಬರೆಯಿರಿ. ಒಂದು ಮಾತ್ರ ಹೇಳುತ್ತೇನೆ. ನಾಲ್ಕು ಎಕರೆ ಕೋರೆ ನನ್ನಂಥವರಿಗೆ ಸಾಲದು. ದೂರದ ದಾರಿಯ ಆಸೆ ಇರುತ್ತದೆ. ಕಂದಾಯ ಜಾಗದ ಹಳೆ ಗಾಡಿದಾರಿಗಳ ಬಗ್ಗೆ ನಾನು ಕೇಳುತ್ತಲೇ ಇರುತ್ತೇನೆ, ಈ ಸಲ ಅರ್ಜಿ ಹಿಡಿದು.

ದೇಲಂಪಾಡಿ_ತೋಟ · ಭಾನುವಾರ ರಾತ್ರಿ

ಬರುವ ತಿಂಗಳ ಮೊದಲ ಭಾನುವಾರ, ಬೆಳಗ್ಗೆ ಏಳಕ್ಕೆ. ತಿಂಡಿ ನಮ್ಮ ಮನೆಯಲ್ಲಿ. ಕತ್ತಿ ಇದ್ದವರು ತನ್ನಿ. ಗಾಡಿ ಕೆಳಗೆ ಸೇತುವೆ ಹತ್ತಿರ ಇಟ್ಟು ನಡೆದು ಬನ್ನಿ.

ಬಾಯಾರು_ಸುರಂಗ · ಭಾನುವಾರ ರಾತ್ರಿ

ನಮ್ಮ ಇಳಿಜಾರಿನ ತೋಡು ಇನ್ನೂ ಹಾಗೇ ಉಂಟು. ಮಳೆ ಹಿಡಿಯುವ ಮೊದಲು ಅದಕ್ಕೆ ಅಡ್ಡಡ್ಡ ಕಲ್ಲಿನ ಕಟ್ಟ ಹಾಕಿದರೆ ಮಣ್ಣು ನಿಲ್ಲುತ್ತದೆ, ಎರಡು ಮಳೆಗಾಲದಲ್ಲಿ ಹುಲ್ಲು ಬರುತ್ತದೆ ಅಂತ ಅಪ್ಪ ಹೇಳುತ್ತಾರೆ. ಕಲ್ಲು ಹತ್ತಿರದಲ್ಲೇ ಉಂಟು. ಹೊರುವ ಕೈ ಬೇಕು.

ಮುಳ್ಳೇರಿಯಾ_200 · ಭಾನುವಾರ ರಾತ್ರಿ

ಎರಡನೆಯ ಭಾನುವಾರ ಬಾಯಾರಿಗೆ ಬರುತ್ತೇವೆ ಅಕ್ಕ. ಎಷ್ಟು ಜನ ಬೇಕು ಅಂತ ಅಪ್ಪನ ಹತ್ತಿರ ಕೇಳಿ ಹೇಳಿ.